ಏಳು ತಲೆಮಾರು ವಿಚಾರಿಸುವ ಕೈಪಿಡಿ

ಅಲ್ಮಾಟಿಯ ಮೊದಲ ಟ್ರಾಲಿಬಸ್ಸು ಇನ್ನೂ ಡಿಪೋ ಬಿಟ್ಟಿಲ್ಲ. ಷೇರು ದಲ್ಲಾಳಿ ಕಚೇರಿಯೊಂದರ ಮೂರನೇ ಮಹಡಿಯಲ್ಲಿ ಐವತ್ತೇಳರ ಕುಲ್ಯಾಶ್ ಬೈಸೆಯಿತೋವಾ ಹಾಲು ಬೆರೆಸಿದ ಚಹಾದ ಬಟ್ಟಲು ಹಿಡಿದು ಕೂತಿದ್ದಾರೆ. ಇವತ್ತು ಅವರ ಕೆಲಸವೆಂದರೆ ಬಾಯಿ ಬಿಡದೆ ಇರುವುದು. ಅದು ಎಷ್ಟು ಕಷ್ಟವೆಂದು ಅವರನ್ನು ಬಲ್ಲವರನ್ನೇ ಕೇಳಬೇಕು.

ಎದುರಿಗೆ ಕಂಪ್ಯೂಟರ್ ಮುಂದೆ ದೌಲೆತ್‌ಖಾನ್. ಇಷ್ಟು ವರ್ಷ ರೈಲ್ವೆಯಲ್ಲಿ ಗಾಡಿಗಳ ವೇಳಾಪಟ್ಟಿ ನೋಡಿಕೊಂಡಿದ್ದವರು, ಕಳೆದ ಸೋಮವಾರವಷ್ಟೇ ಇಲ್ಲಿ ಸೇರಿದ್ದಾರೆ. ಅವರ ಎಡಗೈ ಪಕ್ಕ ನಲವತ್ತಾರು ಪುಟದ ಒಂದು ಕೈಪಿಡಿ. ಅದನ್ನು ಬರೆದದ್ದು ಹಿಂದೆ ಕೂತಿರುವ ಕುಲ್ಯಾಶ್ ಎಂಬುದು ಅವರಿಗೆ ಗೊತ್ತಿಲ್ಲ. ಕೈಪಿಡಿಯ ಮೇಲೆ ಹೆಸರಿಲ್ಲ. ಹಿಂದೆ ಕೂತವರು ಯಾರೋ ತಪಾಸಣೆಗೆ ಬಂದ ಹಿರಿಯರು ಎಂದುಕೊಂಡಿದ್ದಾರೆ.

"ಗೊತ್ತಾದ್ರೆ ಕೈಪಿಡಿ ಮುಚ್ಚಿಟ್ಟು ನನ್ನನ್ನೇ ಕೇಳ್ತಾರೆ. ಆಮೇಲೆ ಪರೀಕ್ಷೆ ಎಲ್ಲಿಂದ ಬಂತು?" ಎಂದು ಮೆಟ್ಟಿಲು ಹತ್ತುವಾಗಲೇ ಕುಲ್ಯಾಶ್ ಜೊತೆಗಿದ್ದವರಿಗೆ ಹೇಳಿಟ್ಟಿದ್ದರು.

ಷೇರುಪೇಟೆಯಲ್ಲಿ ಪ್ರತಿ ಕಂಪನಿಗೂ ಮೂರೋ ನಾಲ್ಕೋ ಅಕ್ಷರದ ಸಂಕೇತವಿರುತ್ತದೆ. ಕಂಪನಿ ಕೈ ಬದಲಾದರೆ, ಹೆಸರು ಬದಲಾದರೆ ಸಂಕೇತವೂ ಬದಲಾಗುತ್ತದೆ. ಬಿಟ್ಟುಹೋದ ಸಂಕೇತ ಮುಂದೊಂದು ದಿನ ಇನ್ಯಾರದೋ ಪಾಲಾಗುತ್ತದೆ. ದೇಶವಿದೇಶದ ಪೇಟೆಗಳಿಂದ ಇಂಥ ಎಂಟು ಹತ್ತು ಬದಲಾವಣೆ ದಿನಾ ಬೆಳಗ್ಗೆ ಬಂದು ಬೀಳುತ್ತವೆ. ಎರಡು ಲಕ್ಷ ಗಿರಾಕಿಗಳು ಎದ್ದು ಫೋನ್ ನೋಡುವುದರೊಳಗೆ ಹಳೆಯ ಸಂಕೇತದ ಬೆಲೆಗಳ ಚರಿತ್ರೆಯನ್ನೆಲ್ಲ ಹೊಸದಕ್ಕೆ ಸಾಗಿಸಿಯಾಗಿರಬೇಕು. ಅದಕ್ಕೊಂದು ತಂತ್ರಾಂಶವಿದೆ. ಕುರಿಮಂದೆಯೊಂದಿಗೆ ಬೇಸಿಗೆಯ ಹುಲ್ಲುಗಾವಲಿಗೆ ಹೊರಡುವ ವಲಸೆಯ ಹೆಸರನ್ನೇ ಅದಕ್ಕಿಟ್ಟಿದ್ದಾರೆ: ಕೊಷ್. ಅದನ್ನು ಕಟ್ಟಿದವನು ಅಲ್ದಿಯಾರ್. ಬಳಸುವುದು ಹೇಗೆಂದು ಮನುಷ್ಯರ ಮಾತಿನಲ್ಲಿ ಹೇಳಿದವರು ಕುಲ್ಯಾಶ್.

ಕುಲ್ಯಾಶ್ ಇಪ್ಪತ್ತೆರಡು ವರ್ಷ ಸರಕಾರಿ ಚಿಕಿತ್ಸಾಲಯದ ಚೀಟಿ ಕಿಂಡಿಯಲ್ಲಿ ಕೂತವರು. ಕಂಪ್ಯೂಟರ್ ಬಂತು, ಕಿಂಡಿ ಮುಚ್ಚಿತು. ಗಂಡ ತೀರಿಕೊಂಡ ವರ್ಷವೇ ಅದೂ ಆಯಿತು. ನಲವತ್ತೈದನೇ ವಯಸ್ಸಿನಲ್ಲಿ ಈ ಕಚೇರಿಗೆ ಬಂದು ಫೋನ್ ಎತ್ತುವ ಕೆಲಸಕ್ಕೆ ಸೇರಿದರು. ಬರುತ್ತಿದ್ದ ಕರೆಗಳಲ್ಲಿ ಅರ್ಧಕ್ಕರ್ಧ ಒಳಗಿನ ಸಿಬ್ಬಂದಿಯವೇ, ಕೊಷ್ ಅರ್ಥವಾಗುತ್ತಿಲ್ಲವೆಂದು. ಅಲ್ದಿಯಾರ್ ಬರೆದಿಟ್ಟ ವಿವರಣೆ ಅವನಿಗೇ ಪ್ರೀತಿ.

ಕುಲ್ಯಾಶ್ ನೋಟ್‌ಬುಕ್ ಹಿಡಿದು ಒಬ್ಬೊಬ್ಬರ ಪಕ್ಕದಲ್ಲೂ ಕೂತು, ಅವರು ಎಲ್ಲಿ ತಡವರಿಸುತ್ತಾರೆಂದು ಗುರುತು ಹಾಕಿಕೊಂಡರು. "ಅಕ್ಕ ಅಡುಗೆ ಪುಸ್ತಕ ಬರೀತಿದಾರೆ" ಎಂದು ಅಲ್ದಿಯಾರ್ ಕಿಚಾಯಿಸಿದ. "ಅಡುಗೆ ಪುಸ್ತಕ ನೋಡಿ ಸಾರಾದ್ರೂ ಮಾಡಬಹುದು ಕಣೋ. ನಿನ್ನ ಬರಹ ನೋಡಿ ಏನ್ ಮಾಡೋದು?" ಎಂದರಂತೆ ಇವರು.

ಆ ಅಡುಗೆ ಪುಸ್ತಕವೇ ಮೂರು ವರ್ಷದ ಹಿಂದೆ ಒಬ್ಬರ ಬಾಯಿಗೆ ಮಣ್ಣು ಹಾಕಿತು. ಹಿಟ್ಟಿನ ಗಿರಣಿಯೊಂದು ಸಂಕೇತ ಬದಲಿಸಿತು. ಬಿಟ್ಟ ಸಂಕೇತವನ್ನು ವಾರದೊಳಗೆ ಒಂದು ಗಣಿ ಕಂಪನಿ ಎತ್ತಿಕೊಂಡಿತು. ಹನ್ನೆರಡನೇ ಪುಟದಲ್ಲಿ ಕುಲ್ಯಾಶ್ ಬರೆದಿದ್ದರು: ಹಳೆಯ ಸಂಕೇತದಲ್ಲಿರುವುದನ್ನೆಲ್ಲ ಹೊಸದಕ್ಕೆ ಸೇರಿಸಿ. ಗಣಿ ಪಟ್ಟಿಗೆ ಬಂದ ಬೆಳಗ್ಗೆ ಕೆಲಸದಲ್ಲಿದ್ದ ಹುಡುಗಿ ಎಲ್ಲವನ್ನೂ ಗಿರಣಿಯ ಹೊಸ ಸಂಕೇತಕ್ಕೆ ಸೇರಿಸಿದಳು, ಗಣಿಯ ಅಗ್ಗದ ಬೆಲೆಯ ಸಮೇತ. ಗಿರಣಿಯ ಬೆಲೆ ನೆಲಕಚ್ಚಿದಂತೆ ಫೋನುಗಳಲ್ಲಿ ಕಂಡಿತು. ತಾಲ್ದಿಕೋರ್ಗಾನ್‌ನ ಒಬ್ಬ ನಿವೃತ್ತ ಶಿಕ್ಷಕಿ ಗಾಬರಿಬಿದ್ದು ಇದ್ದಬದ್ದ ಷೇರನ್ನೆಲ್ಲ ಮಾರಿಬಿಟ್ಟರು. ಮಧ್ಯಾಹ್ನದೊಳಗೆ ತಪ್ಪು ಸರಿಹೋಯಿತು, ಮಾರಿದ್ದು ಮಾತ್ರ ವಾಪಸಾಗಲಿಲ್ಲ. ಬೈಗುಳ ತಿಂದ ಹುಡುಗಿ ಕೆಲಸ ಬಿಟ್ಟು ಹೋದಳು.

"ಅವಳು ಪುಸ್ತಕದಲ್ಲಿದ್ದ ಹಾಗೇ ಮಾಡಿದ್ಲು. ತಪ್ಪು ಪುಸ್ತಕದ್ದು. ಅಂದ್ರೆ ನಂದು" ಎನ್ನುತ್ತಾರೆ ಕುಲ್ಯಾಶ್. ಮೇಲಿನವರ ಮುಂದೆಯೂ ಹಾಗೇ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ನಾಡಿನ ಮಕ್ಕಳಿಗೆ ಏಳು ತಲೆಮಾರಿನ ತಾತಂದಿರ ಹೆಸರು ಬಾಯಿಪಾಠವಿರುತ್ತದೆ. ಸಂಬಂಧ ಕೂಡಿಸುವ ಮೊದಲು ಹಿರಿಯರು ಎರಡೂ ಕಡೆಯ ಏಳೇಳು ಹೆಸರು ಎಣಿಸಿ, ಒಂದೇ ರಕ್ತವಲ್ಲ ತಾನೆ ಎಂದು ನೋಡುತ್ತಾರೆ. ಕುಲ್ಯಾಶ್ ಹನ್ನೆರಡನೇ ಪುಟವನ್ನು ಹರಿದುಹಾಕಿ ಹೊಸದಾಗಿ ಬರೆದರು: ಸಂಕೇತ ಒಂದೇ ಎಂದು ಕೂಡಿಸಬೇಡಿ. ಮೊದಲು ಇದು ಯಾರ ಮಗ ಎಂದು ಕೇಳಿ. ತಾತನ ಹೆಸರಿಟ್ಟುಕೊಂಡ ಮಾತ್ರಕ್ಕೆ ಮೊಮ್ಮಗ ತಾತನಾಗುವುದಿಲ್ಲ. ಹುಟ್ಟಿದ ತಾರೀಕು ನೋಡಿ.

ಅಲ್ದಿಯಾರ್ ಓದಿ ನಕ್ಕ. ಮಾರನೆಯ ವಾರ ಸುಮ್ಮನೆ ಕೊಷ್‌ನಲ್ಲೇ ಪ್ರತಿ ಸಂಕೇತಕ್ಕೂ ಒಂದು ವಂಶಾವಳಿಯ ಪುಟ ಸೇರಿಸಿದ.

ಇವತ್ತಿನ ಪಟ್ಟಿಯಲ್ಲಿ ಅದೇ ಪೀಡೆ ಮತ್ತೆ ಬಂದಿದೆ. ಸಿಮೆಂಟ್ ಕಂಪನಿಯೊಂದು ಬಿಟ್ಟ ಸಂಕೇತ ಈ ಬೆಳಗಿನಿಂದ ಒಂದು ಲಾರಿ ಕಂಪನಿಯದು. ಹೊಸಬರೊಬ್ಬರು ಯಾರನ್ನೂ ಕೇಳದೆ, ಕೈಪಿಡಿ ಮಾತ್ರ ನೋಡಿ ಇದನ್ನು ದಾಟಿಸಬಲ್ಲರೇ? ಇಲ್ಲವಾದರೆ ಮೂರು ವರ್ಷದ ತಿದ್ದುವಿಕೆಯೆಲ್ಲ ದಂಡ, ಇನ್ನೊಬ್ಬರ ತಲೆಯ ಮೇಲೆ ಅದೇ ಬೈಗುಳ.

ದೌಲೆತ್‌ಖಾನ್ ಬೆರಳು "ಸೇರಿಸು" ಗುಂಡಿಯ ಮೇಲೆ ಬರುತ್ತದೆ. ಕುಲ್ಯಾಶ್ ಕೈಲಿದ್ದ ಬಟ್ಟಲು ಅಲ್ಲೇ ನಿಲ್ಲುತ್ತದೆ. ಬಾಗಿಲಲ್ಲಿ ನಿಂತಿದ್ದ ಅಲ್ದಿಯಾರ್, ಮಾತಾಡಬೇಡಿ ಎಂದು ಅವರಿಗೆ ಕಣ್ಣಲ್ಲೇ ಹೇಳುತ್ತಾನೆ.

ಬೆರಳು ಹಿಂದೆ ಸರಿಯುತ್ತದೆ. ಪುಟ ತಿರುವುವ ಸದ್ದು.

"ತಡಿ, ತಡಿ" ಎಂದು ದೌಲೆತ್‌ಖಾನ್ ಪರದೆಗೇ ಹೇಳುತ್ತಾರೆ. "ನೀನು ಯಾರ ಮಗನಪ್ಪಾ?" ವಂಶಾವಳಿ ತೆರೆಯುತ್ತಾರೆ, ತಾರೀಕಿನ ಮೇಲೆ ಬೆರಳಿಡುತ್ತಾರೆ. "ಇವತ್ತು ಹುಟ್ಟಿದೋನು ನೀನು. ಸಿಮೆಂಟಿನೋನು ಬೇರೆ ಮನೆಗೆ ಹೋದ. ನಿಂಗೂ ಅವನಿಗೂ ಏನೂ ಸಂಬಂಧ ಇಲ್ಲ." ಎರಡು ಕಂಪನಿ, ಎರಡು ಸಾಲು. ಎರಡೂ ಹಸಿರಾಗುತ್ತವೆ.

ಕುಲ್ಯಾಶ್ ಬಟ್ಟಲು ಕೆಳಗಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಳ್ಳುತ್ತಾರೆ. ಮೂರು ವರ್ಷದಿಂದ ಎದೆಯ ಮೇಲಿದ್ದದ್ದು ಇಳಿದಿದೆ. ಮುಖ ನೋಡಿದರೇ ತಿಳಿಯುತ್ತದೆ. ಮೊದಲೆಲ್ಲ ಬೆಳಗಾಗುವುದರೊಳಗೆ ಮೂವತ್ತು ಜನ ಅವರಿಗೆ ಫೋನ್ ಮಾಡುತ್ತಿದ್ದರು. ಈಗ ದಿನಕ್ಕೆ ಎರಡು ಕರೆ ಬಂದರೆ ಹೆಚ್ಚು. "ಅದೂ ನಿಂತ್ರೆ ಸಾಕು. ಇನ್ನೇನು ಬೇಕು ನಂಗೆ?" ಎನ್ನುತ್ತಾರೆ.

ದೌಲೆತ್‌ಖಾನ್ ಕುರ್ಚಿ ತಿರುಗಿಸಿ, ಕೈಪಿಡಿ ಎತ್ತಿ ತೋರಿಸುತ್ತಾರೆ. "ಅಕ್ಕಾ, ಇದನ್ನ ಬರೆದೋರು ಯಾರೋ ಗೊತ್ತಿಲ್ಲ. ಆದ್ರೆ ಅವರು ಈ ಜಾಗದಲ್ಲಿ ಜಾರಿ ಬಿದ್ದೇ ಇರ್ತಾರೆ. ಬೀಳದೇ ಇದ್ದೋರಿಗೆ ಹಿಂಗೆ ಕೈಹಿಡಿದು ದಾಟಿಸಕ್ಕೆ ಬರಲ್ಲ."

"ಬಿದ್ದಿದಾರೆ" ಎನ್ನುತ್ತಾರೆ ಕುಲ್ಯಾಶ್. "ಒಂದೇ ಸಲ."