ಮೈ ತುಂಬಿಕೊಂಡ ಗಿಡ

ಅಕ್ಕತಂಗಿಯರಿಬ್ಬರೂ ದುಡಿಯುತ್ತಿದ್ದ ತಳಿ ಕೇಂದ್ರದ ಮೆಕ್ಕೆಜೋಳದ ಸಾಲುಗಳಲ್ಲಿ ಚೆನ್ನಾಗಿ ಬೆಳೆದ ಗಿಡವನ್ನೇ ಕಿತ್ತೆಸೆಯಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಂಗಿಗೆ ಇದು ನಗು ತರಿಸಿತ್ತು. "ಬಡಕಲಾಗಿರೋವೇ ನಮ್ಮವು ಕಣೇ. ಮೈ ತುಂಬ್ಕೊಂಡಿದ್ರೆ ಕಳ್ಳ ಅಂತ ತಿಳ್ಕೋ," ಎಂದು ಅಕ್ಕ ಕಲಿಸಿದ್ದಳು.

ಬಡಕಲು ಗಿಡಗಳಿಗೆ ಅಲ್ಲಿನವರು ಇಟ್ಟ ಹೆಸರು ಒಂಟಿ. ತಾಯಿಯ ಪಾಲು ಮಾತ್ರ ಹೊತ್ತು ಹುಟ್ಟಿದ ಮೆಕ್ಕೆಜೋಳ. ಹಾಗೇ ಬಿಟ್ಟರೆ ಹೂಧೂಳು ಉದುರುವುದಿಲ್ಲ, ಕಾಳು ಕಟ್ಟುವುದಿಲ್ಲ. ಮೊಳಕೆಯ ತುದಿ ಕತ್ತರಿಸಿ, ಕತ್ತಲೆ ಕೋಣೆಯಲ್ಲಿ ಕಾಲ್ಚಿಸಿನ್ ಎಂಬ ವಿಷ ಬೆರೆಸಿದ ನೀರಲ್ಲಿ ಅದ್ದಿಟ್ಟರೆ ಕೆಲವಕ್ಕೆ ಆ ಪಾಲೇ ಇಮ್ಮಡಿಯಾಗುತ್ತದೆ. ಅವುಗಳ ಕಾಳಿನಿಂದ ಬರುವುದು ಎಲ್ಲ ಗಿಡವೂ ಒಂದೇ ಅಚ್ಚಿಗೆ ಹೊಯ್ದಂಥ ತಳಿ. ಒಂಟಿ ಕಾಳು ಆರಿಸುವುದು ಕಣ್ಣಿನ ಕೆಲಸ: ಮೊಳಕೆಯೊಡೆಯುವ ಜಾಗದಲ್ಲಿ ನೇರಳೆ ಛಾಯೆ ಕಂಡರೆ ತಂದೆಯ ಪಾಲೂ ಸೇರಿದೆ, ಬದಿಗಿಡಬೇಕು; ಕಣ್ತಪ್ಪಿ ಸಾಲಿಗೆ ಬಿದ್ದರೆ ಅದೇ ಮೈ ತುಂಬಿಕೊಂಡ ಕಳ್ಳ. ಅಕ್ಕನನ್ನು ಎಲ್ಲರೂ ಕರೆಯುತ್ತಿದ್ದುದೇ ಸೂಜಿಗಣ್ಣಿ ಎಂದು. ಗಿಡಕ್ಕೆ ದಾರದಲ್ಲಿ ಚೀಟಿಯೋ ಚೀಲವೋ ಕಟ್ಟುವಾಗ ಅವಳದು ಎರಡು ಗಂಟು, ತಂಗಿಯದು ಒಂದೇ. ಸೋಮಾರಿ ಗಂಟು ಎಂದು ಅಕ್ಕ ರೇಗಿಸುತ್ತಿದ್ದಳು.

ಅಕ್ಕ ಜ್ವರದಲ್ಲಿ ತೀರಿಕೊಂಡಾಗ ಅವಳು ಆರಿಸಿ ಅದ್ದಿದ ಕೊನೆಯ ಸಾಲು ಮೊಣಕಾಲೆತ್ತರ ಇತ್ತು. ಅದರಲ್ಲೊಂದು ಗಿಡ ಮಾತ್ರ ಉಳಿದವನ್ನು ಮೀರಿ ಎದ್ದಿತು; ಅಕ್ಕನ ಹಾಗೇ ತುಸು ಎಡಕ್ಕೆ ವಾಲಿ ನಿಂತಿತು. ತಂಗಿ ಅದರ ಪಕ್ಕ ಕೂತು ಮನೆಯ ಸುದ್ದಿ ಹೇಳುತ್ತಿದ್ದಳು. ಗಾಳಿಯಿಲ್ಲದಾಗಲೂ ಎಲೆ ಅಲುಗಿದಂತೆ ಕಾಣುತ್ತಿತ್ತು. ಅದು ಕಳ್ಳ ಎಂದು ಅವಳಿಗೆ ಗೊತ್ತಿತ್ತು. ಆ ಕಾಳು ಆರಿಸುವಾಗಲೇ ಅಕ್ಕನ ಸೂಜಿಗಣ್ಣು ಮಂಜಾಗಿತ್ತು ಎಂದೂ.

ಗಿಡ ಹೂವಿಗೆ ಬಂದಾಗ ಮೇಲ್ವಿಚಾರಕ ಬಂದು, ನಾಳೆ ಸಾಲು ನೋಡುತ್ತೇನೆ, ಒಂದು ಕಳ್ಳ ಉಳಿದಿದ್ದರೂ ಆ ಆಯ್ಕೆ ನಂಬುವ ಹಾಗಿಲ್ಲ, ಸಾಲು ಪೂರ್ತಿ ಕೀಳಿಸುತ್ತೇನೆ ಎಂದು ಹೇಳಿಹೋದ.

ಸಂಜೆ ತಂಗಿ ಆ ಗಿಡದ ಬುಡಕ್ಕೆ ಕೈ ಹಾಕಿದಳು. "ಬೈಕೋಬೇಡ ಕಣೇ. ನೀನೇ ಹೇಳ್ಕೊಟ್ಟಿದ್ದು."

ಬೇರು ಸುಲಭಕ್ಕೆ ಬಿಡಲಿಲ್ಲ. ಬಿಟ್ಟ ಮೇಲೆ ಅಂಗೈಯ ಮಣ್ಣು ಒರೆಸಿಕೊಳ್ಳಲೂ ಆಗದೆ ನಿಂತಳು.

ಬೆಳಿಗ್ಗೆ, ಕಿತ್ತ ಗಿಡದ ಗುಂಡಿಯ ಪಕ್ಕದ ಗಿಡ್ಡ ಗಿಡವೊಂದು, ಇಷ್ಟು ದಿನ ಕಣ್ಣಿಗೇ ಬೀಳದ್ದು, ಚಿಟಿಕೆಯಷ್ಟು ಹಳದಿ ಹೂಧೂಳು ಉದುರಿಸಿತು. ಇಡೀ ಸಾಲಿನಲ್ಲಿ ಇಮ್ಮಡಿಯಾದದ್ದು ಅದೊಂದೇ. ತಂಗಿ ಆ ಧೂಳನ್ನು ಅದೇ ಗಿಡದ ತೆನೆಗೂದಲಿಗೆ ಸವರಿ, ಕಾಗದದ ಚೀಲ ಮುಚ್ಚಿ, ದಾರ ಕಟ್ಟಿದಳು.

ಮೇಲ್ವಿಚಾರಕ ಸಾಲು ನೋಡಿ ಸರಿಯೆಂದು ತಲೆಯಾಡಿಸಿದ. ಚೀಲದ ಹತ್ತಿರ ಬಗ್ಗಿದ. "ಇದನ್ನ ಕಟ್ಟಿದ್ದು ಯಾರು?"

"ನಾನೇ," ಎಂದ ತಂಗಿ ಚೀಲದತ್ತ ತಿರುಗಿ ನೋಡಿದಳು. ದಾರಕ್ಕೆ ಎರಡು ಗಂಟು ಬಿದ್ದಿತ್ತು.