ಐದು ಜನರ ಗಾಳಿ

ಆ ಭಾನುವಾರ ಸರ್ಜಾಪುರದ ನೆಂಟರ ಗೃಹಪ್ರವೇಶಕ್ಕೆ ನಾವಿಬ್ಬರು, ಅತ್ತೆ, ನಾದಿನಿ, ಅವಳ ಗಂಡ ಒಂದೇ ಕಾರಿನಲ್ಲಿ ಹೋಗಬೇಕಿತ್ತು. ಟೈರ್ ಬಿಸಿಯಾಗುವ ಮೊದಲೇ ಗಾಳಿ ನೋಡಿಸಬೇಕೆಂದು ನನ್ನ ಗಂಡ ಬೆಳಿಗ್ಗೆಯೇ ನನ್ನನ್ನೂ ಕರೆದುಕೊಂಡು ಪಕ್ಕದ ಪೆಟ್ರೋಲ್ ಬಂಕಿಗೆ ಹೊರಟರು. ಕಾರಿನ ಬಾಗಿಲ ಒಳಬದಿಯ ಚೀಟಿಯಲ್ಲಿ ಗಾಳಿಯ ಎರಡು ಅಂಕಿಗಳಿದ್ದವು. ಇಬ್ಬರು ಮೂವರಿದ್ದರೆ ಕಡಿಮೆ, ಕಾರು ತುಂಬಿದ್ದರೆ ಜಾಸ್ತಿ.

"ನೀನೊಬ್ಳೇ ಕೂತ್ರೂ ಜಾಸ್ತೀದೇ ಹಾಕಿಸ್ಬೇಕು ಕಣೇ," ಎಂದರು.

"ಮೊದ್ಲು ನಿಮ್ಮ ಹೊಟ್ಟೆ ಲೆಕ್ಕ ಹಾಕ್ಕೊಳ್ಳಿ," ಎಂದೆ. ಗಾಳಿ ಹಾಕುತ್ತಿದ್ದವನು ಮುಖ ತಿರುಗಿಸಿಕೊಂಡು ನಕ್ಕ. ಇವರು ಐದು ಜನರ ಅಂಕಿಯನ್ನೇ ಹೇಳಿದರು.

ಮರುದಿನ ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ಅವರಿಗೆ ಎದೆನೋವು ಬಂತು. ಆಸ್ಪತ್ರೆ ತಲುಪುವಷ್ಟರಲ್ಲಿ ತೀರಿಕೊಂಡಿದ್ದರು.

ಆಮೇಲೆ ಆ ಕಾರಿನಲ್ಲಿ ಓಡಾಡಿದ್ದು ಹೆಚ್ಚಾಗಿ ನಾನೊಬ್ಬಳೇ. ಆದರೂ ಬಂಕಿನಲ್ಲಿ ಕೇಳಿದಾಗಲೆಲ್ಲ ಅದೇ ಅಂಕಿ ಹೇಳುತ್ತಿದ್ದೆ. ಅವರು ಕೊನೆಗೆ ಹಾಕಿಸಿದ್ದನ್ನು ಬದಲಾಯಿಸಲು ಮನಸ್ಸು ಬರುತ್ತಿರಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಕಾರು ಎಗರುತ್ತಿತ್ತು.

ಒಂದು ದಿನ ನಾದಿನಿ ಜೊತೆಗೆ ಬಂದಳು. "ಏನತ್ತಿಗೆ, ಕಾರೋ ಎತ್ತಿನ ಗಾಡಿಯೋ? ನನ್ನ ಸೊಂಟ ಹೋಯ್ತು," ಎಂದಳು.

ಕಾರಣ ಹೇಳಿದೆ.

"ಅಣ್ಣ ಇದ್ದಿದ್ರೆ ಅವನೇ ಬೈತಿದ್ದ," ಎಂದಳು. "ಒಬ್ಳಿಗೆ ಯಾಕೆ ಇಷ್ಟು ಗಾಳಿ, ದಡ್ಡಿ, ಅಂತಿದ್ದ."

ಹೌದು, ಹಾಗೇ ಅನ್ನುತ್ತಿದ್ದರು. ಮಾರನೆಯ ಬೆಳಿಗ್ಗೆ ಬಂಕಿಗೆ ಹೋಗಿ ನಾಲ್ಕೂ ಟೈರಿನ ಗಾಳಿಯನ್ನು ಚೀಟಿಯ ಕಡಿಮೆ ಅಂಕಿಗೆ ಇಳಿಸಿದೆ. ಕಾರು ಈಗ ಮೆತ್ತಗೆ ಹೋಗುತ್ತದೆ. ಅವರು ಇಲ್ಲ.