ಹಸುವಿನ ಪಕ್ಕ ನಿಂತ ನಾಯಿಮರಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ನಾವೂ ದನಗಳೂ ಒಂದೇ ಬಾಗಿಲಿನಿಂದ ಓಡಾಡುತ್ತಿದ್ದೆವು. ಹುಲ್ಲಹಳ್ಳಿಗೆ ಹತ್ತಿರದ ಊರು ನಮ್ಮದು. ಹೊಸಿಲು ದಾಟಿದರೆ ಪಡಸಾಲೆ, ಅದರ ಎಡಕ್ಕೆ ಒಂದು ಮೋಟುಗೋಡೆ, ಗೋಡೆಯಾಚೆ ಹಸು. ಮಲಗಿದರೆ ಅದು ಮೆಲುಕು ಹಾಕುವ ಸದ್ದು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಒಣಹುಲ್ಲು, ವಿಭೂತಿ, ಸಗಣಿ ಸಾರಿಸಿದ ನೆಲ, ಎಲ್ಲದರ ವಾಸನೆ ಬೆರೆತ ಮನೆ ಅದು.

ಆ ಮನೆಗೆ ಅಪ್ಪ ಒಂದು ನಾಯಿಮರಿ ತಂದ. ದೊಡ್ಡದಾದ ಮೇಲೆ ಗದ್ದೆಗೆ ನುಗ್ಗುವ ಹಂದಿಗಳನ್ನು ಓಡಿಸಲಿ ಎಂಬುದು ಅವನ ಆಸೆ. ಕೆಂಪು ಮೈಯಾದ್ದರಿಂದ ಕೆಂಚ ಎಂದು ಕರೆದೆವು. ಹೊರಗೆ ಬಿಟ್ಟರೆ ನರಿ ಹೊತ್ತುಕೊಂಡು ಹೋದೀತೆಂದು ಒಳಗೇ ಮಲಗಿಸುತ್ತಿದ್ದೆವು. ಸುಮ್ಮನಿರುವುದು ಅದಕ್ಕೆ ಗೊತ್ತೇ ಇರಲಿಲ್ಲ. ಯಾರಾದರೂ ಬಂದರೆ ಮೂಗಿನಿಂದ ಬಾಲದವರೆಗೆ ಅಲ್ಲಾಡುತ್ತಿತ್ತು.

ತೊಂದರೆ ಶುರುವಾದದ್ದು ನೆಲದ ಮೇಲೆ. ಅಕ್ಕ ದಿನವೂ ಬೆಳಿಗ್ಗೆ ಅದನ್ನು ಎತ್ತಿಕೊಂಡು ಹಿತ್ತಲಿನ ತಿಪ್ಪೆಯ ಬಳಿ ಬಿಡುತ್ತಿದ್ದಳು. ಕೆಂಚ ಅಲ್ಲಿ ಕೋಳಿ ಅಟ್ಟುತ್ತಿತ್ತು, ಹುಲ್ಲು ಮೂಸುತ್ತಿತ್ತು, ಬಂದ ಕೆಲಸವನ್ನು ಮರೆಯುತ್ತಿತ್ತು. ಒಳಗೆ ಬಂದ ಸ್ವಲ್ಪ ಹೊತ್ತಿಗೆ ಮೋಟುಗೋಡೆಯ ಬುಡದಲ್ಲಿ ಉಚ್ಚೆಯ ಸಣ್ಣದೊಂದು ಮಡು. ಅದು ಮಾಡುವುದನ್ನು ನಾವು ಯಾರೂ ನೋಡಿರಲಿಲ್ಲ, ಮಾಡಿ ಹೋದದ್ದನ್ನಷ್ಟೇ ನೋಡಿದ್ದೆವು. ಗದರಿದೆವು, ಮೂತಿ ಹಿಡಿದು ತೋರಿಸಿದೆವು. ಒಂದು ಹೊತ್ತು ನೆಲ ಒಣಗಿರುತ್ತಿತ್ತು. ಅಕ್ಕ ಗೆದ್ದೆನೆಂದು ಬೀಗುವಷ್ಟರಲ್ಲಿ ಮತ್ತೆ ಅದೇ ಮಡು.

ಒಂದು ಸಂತೆಯ ದಿನ ಅಪ್ಪನ ಕಾಲು ಅದರಲ್ಲಿ ಜಾರಿತು.

"ಇವತ್ತು ಸಂತೆಗೆ ಗಾಡಿ ಓಗೋದ್ರೊಳ್ಗೆ ಇನ್ನೊಂದ್ ಸಲ ಒಳ್ಗೆ ಮಾಡುದ್ರೆ, ಇದ್ನೂ ಗಾಡಿಗಾಕ್ಕಂಡೋಗಿ ಉಲ್ಲಳ್ಳೀಲಿ ಬುಟ್ಬುಟ್ ಬತ್ತೀನಿ ಕಣ್ಲಾ," ಎಂದ. ಅಪ್ಪ ಹೇಳಿದರೆ ಮಾಡುವವನೇ.

ಅಕ್ಕನೂ ನಾನೂ ಕೆಂಚನನ್ನು ಬಿಟ್ಟು ಕದಲಲಿಲ್ಲ. ಹಿತ್ತಲಿಗೆ ಒಯ್ದೆವು, ಬೇಡಿಕೊಂಡೆವು. ಅದು ನಮ್ಮ ಕೆನ್ನೆ ನೆಕ್ಕಿತೇ ಹೊರತು ಬೇರೇನೂ ಮಾಡಲಿಲ್ಲ. ಅಕ್ಕ ಅದನ್ನು ಎತ್ತಿಕೊಂಡೇ ಒಳಗೆ ಬಂದಳು. ಹೊರಗೆ ಗಾಡಿಗೆ ಎತ್ತು ಕಟ್ಟುವಾಗಿನ ಗೆಜ್ಜೆಯ ಸದ್ದು ಕೇಳಿಸಿತು. ಅಪ್ಪ ತಲೆವಸ್ತ್ರ ಸುತ್ತಿಕೊಳ್ಳಲು ಒಳಗೆ ಬಂದ.

ಆಗ ಕೊಟ್ಟಿಗೆಯಲ್ಲಿ ಹಸು ಎದ್ದು ನಿಂತಿತು. ಬೆನ್ನು ಬಾಗಿಸಿ ಬಾಲ ಎತ್ತಿತು.

"ಇರವ್ವಾ, ಬಂದೆ, ಬಂದೆ!" ಅವ್ವ ಒಲೆ ಬಿಟ್ಟು ಚೆಂಬು ಹಿಡಿದು ಓಡಿದಳು. ಹಸುವಿನ ಗಂಜಲ ನೆಲಕ್ಕೆ ಬೀಳುವ ಮೊದಲೇ ಹಿಡಿಯುವುದು ನಮ್ಮ ಮನೆಯ ಪದ್ಧತಿ. ಅದನ್ನು ಕಣ್ಣಿಗೆ ಒತ್ತಿಕೊಂಡು ಹೊಸಿಲಿಗೂ ಪಡಸಾಲೆಗೂ ಚಿಮುಕಿಸಿದರೆ ಮನೆ ಶುದ್ಧವಾಯಿತೆಂದು ಲೆಕ್ಕ. ಆ ಹೊತ್ತಿನಲ್ಲಿ ಮನೆಯವರ ಕಣ್ಣೆಲ್ಲ ಹಸುವಿನ ಮೇಲೇ ಇರುತ್ತಿತ್ತು. ಅವತ್ತು ಮಾತ್ರ ನನ್ನ ಕಣ್ಣು ಕೆಂಚನ ಮೇಲಿತ್ತು.

ಅದು ಅಕ್ಕನ ತೋಳಿನಿಂದ ಜಿಗಿದು ಓಡಿತು. ಮೋಟುಗೋಡೆಯ ಬುಡದಲ್ಲಿ, ಹಸುವಿನ ಸಾಲಿಗೇ ನಿಂತಿತು. ಪುಟ್ಟ ಬೆನ್ನನ್ನು ಹಸುವಿನಂತೆಯೇ ಬಾಗಿಸಿತು. ಕೆಲಸ ಮುಗಿಸಿತು. ಆಮೇಲೆ ಓಡಿಹೋಗಲಿಲ್ಲ. ಕತ್ತೆತ್ತಿ ಅವ್ವನ ಕೈಯ ಚೆಂಬನ್ನೇ ನೋಡುತ್ತಾ, ಬಾಲ ಆಡಿಸುತ್ತಾ ಕಾಯಿತು.

ನನ್ನ ತೋಳಿನ ಕೂದಲು ನಿಮಿರಿ ನಿಂತಿತ್ತು. ನಾವು ಅದಕ್ಕೆ ಕಲಿಸಬೇಕೆಂದು ಒದ್ದಾಡುತ್ತಿದ್ದ ಅಷ್ಟೂ ದಿನ, ಅಂಗೈಯಗಲದ ಆ ಜೀವ ಮೂಲೆಯಲ್ಲಿ ಕುಳಿತು ಇಡೀ ಮನೆಯನ್ನು ಓದಿಕೊಂಡಿತ್ತು. ಎಲ್ಲಿ ನಿಲ್ಲಬೇಕು, ಯಾವಾಗ ನಿಲ್ಲಬೇಕು, ಹೇಗೆ ಮಾಡಿದರೆ ಅವ್ವ ಓಡಿ ಬರುತ್ತಾಳೆ, ಎಲ್ಲವೂ ಅದಕ್ಕೆ ತಿಳಿದಿತ್ತು.

ಮೊದಲು ನಕ್ಕವಳು ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜಿ. "ಅಯ್ಯೋ ಸಿವ್ನೇ! ನಂಗೂ ಚೆಂಬ್ ಇಡೀರಿ ಅಂತದೆ ಕಣೇ ಇದು!"

"ಇಡೀತೀನಿ, ನಂಗೇನ್ ಬ್ಯಾರೆ ಕೆಲ್ಸ ಇಲ್ವಲ್ಲ," ಎಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪ ನಗಲಿಲ್ಲ. "ಒಳ್ಗೆ ಮಾಡುದ್ರೆ ಬುಟ್ಬತ್ತೀನಿ ಅಂದಿದ್ದೆ," ಎಂದ. ಅಕ್ಕ ಕೆಂಚನನ್ನು ಬಾಚಿ ಎದೆಗೆ ಅವಚಿಕೊಂಡು, "ಅಸೂನೂ ಒಳ್ಗೇ ಅಲ್ವಾಪ್ಪ ಮಾಡೋದು? ಅದ್ನ ಯಾವ್ ಸಂತೆಗ್ ಬುಡ್ತೀಯ?" ಎಂದಳು.

ಅಪ್ಪ ಒಮ್ಮೆ ಮರಿಯನ್ನು, ಒಮ್ಮೆ ಹಸುವನ್ನು ನೋಡಿದ. ಆಮೇಲೆ ಕೊಟ್ಟಿಗೆಗೆ ಹೋಗಿ ಹಸುವಿನ ಹಗ್ಗ ಬಿಚ್ಚಿ, ಹಿತ್ತಲಿಗೆ ನಡೆಸಿಕೊಂಡು ಹೋಗಿ, ತಿಪ್ಪೆಯ ಪಕ್ಕದ ಗೂಟಕ್ಕೆ ಕಟ್ಟಿದ. ಕೆಂಚ ಅಕ್ಕನ ಕೈ ಕೊಸರಿಕೊಂಡು ಅದರ ಹಿಂದೆಯೇ ಹೋಯಿತು. "ನಾಳಿಂದ ಬೆಳ್ಕರಿಯೋ ಒತ್ಗೆ ಅಸ ಇಲ್ಲಿರ್ಲಿ," ಎಂದಷ್ಟೇ ಹೇಳಿ ಅಪ್ಪ ಒಬ್ಬನೇ ಗಾಡಿ ಏರಿದ.

ಮಾರನೆಯ ಬೆಳಿಗ್ಗೆ ಮಂಜಿನಲ್ಲಿ ಹಸು ಬೆನ್ನು ಬಾಗಿಸಿತು. ಪಕ್ಕದಲ್ಲಿ ಕೆಂಚನೂ ಬಾಗಿಸಿತು. ಪಡಸಾಲೆಯ ನೆಲ ಅಂದಿನಿಂದ ಒಣಗಿಯೇ ಇತ್ತು. ಅಪ್ಪ ಹೊಲದಿಂದ ಬಂದಾಗ ಮಾತ್ರ ಕೆಂಚ ಖುಷಿ ತಡೆಯಲಾರದೆ ಅವನ ಪಾದ ಒದ್ದೆ ಮಾಡುತ್ತಿತ್ತು. "ಇದ್ ಬ್ಯಾರೆ ಲೆಕ್ಕ," ಎಂದು ಅಪ್ಪ ತಾನೇ ಕಾಲಿಗೆ ನೀರು ಹುಯ್ದುಕೊಳ್ಳುತ್ತಿದ್ದ.

ಈ ಕತೆ ಕೇಳುತ್ತಿರುವ ಮೊಮ್ಮಕ್ಕಳೇ, ನಂಜನಗೂಡಿನ ನಿಮ್ಮ ಮನೆಯಲ್ಲಿ ಕೊಟ್ಟಿಗೆಯಿಲ್ಲ. ಟೈಲ್ಸ್ ನೆಲ, ಬಾಟಲಿಯಲ್ಲಿ ನಿಂಬೆ ವಾಸನೆಯ ನೀರು, ನಿಮ್ಮ ನಾಯಿಮರಿ ಉಚ್ಚೆ ಮಾಡಲೆಂದೇ ಅಂಗಡಿಯಿಂದ ತಂದ ಹಾಸು. ಮೊಬೈಲಿನಲ್ಲಿ ನೋಡಿ ನೋಡಿ ಕಲಿಸುತ್ತೀರಿ, ಆದರೂ ಸೋಫಾದ ಕಾಲಿನ ಬಳಿ ಮಡು. ನಿನ್ನೆ ನೀವು ಬಾತ್‌ರೂಮಿಗೆ ಹೋದಾಗ ನಿಮ್ಮ ಮರಿ ಮುಚ್ಚಿದ ಬಾಗಿಲ ಸಂದಿಗೆ ಮೂಗಿಟ್ಟು ಅಲುಗಾಡದೆ ಕುಳಿತಿತ್ತು. ನೀವು ಹೊರಬಂದು ಅದನ್ನು ಗದರಿದಿರಿ. ನಾನು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದೆ. ಅದು ನಿಮ್ಮ ಹಿಂದಿನ ಆ ತೆರೆದ ಬಾಗಿಲನ್ನೇ ನೋಡುತ್ತಿತ್ತು.